ವಿಷಯ ಮೇಷ್ಟ್ರ ಪೆಪ್ಪರಮೆಂಟು

ಕಾಲೇಜಿನಲ್ಲಿ ಅವರ ನಿಜವಾದ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಅವರು ವಿಷಯ ಮೇಷ್ಟ್ರು. ಯಾರು ಏನೇ ಕೇಳಲಿ, ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ವಿಷಯ ಏನಪ್ಪಾ ಅಂದ್ರೆ" ಎಂದು ಶುರು ಮಾಡುತ್ತಿದ್ದರು. ಅಷ್ಟು ಕೇಳಿಸಿದ ತಕ್ಷಣ ಅನುಭವಸ್ಥರು ಹತ್ತಿರದ ಕುರ್ಚಿ ಹುಡುಕಿಕೊಳ್ಳುತ್ತಿದ್ದರು.

ಓದು ಮುಗಿಸುವ ಮಕ್ಕಳನ್ನು ಕೆಲಸಕ್ಕೆ ತಯಾರು ಮಾಡುವುದು ಮೇಷ್ಟ್ರ ಉದ್ಯೋಗ. ಅದಕ್ಕೆಂದು ಅವರಿಗೆ ಕೊಟ್ಟಿದ್ದು ಹಿಂದೆ ಆಟದ ಸಾಮಾನು ತುಂಬಿಡುತ್ತಿದ್ದ ಕೋಣೆ. ಗೋಡೆಯ ಮೇಲೆ ಹರಿದ ವಾಲಿಬಾಲ್ ನೆಟ್ಟು, ಮೂಲೆಯಲ್ಲಿ ಗಾಳಿ ಹೋದ ಚೆಂಡುಗಳ ರಬ್ಬರ್ ವಾಸನೆ, ಮೇಜಿನ ಜಾಗದಲ್ಲಿ ಅರ್ಧ ಟೇಬಲ್ ಟೆನಿಸ್ ಹಲಗೆ. ಈ ಆಸ್ಥಾನದಲ್ಲಿ ಕೂತೇ ಅವರು ಸಂದರ್ಶನವೆಂಬ ರಣರಂಗಕ್ಕೆ ದಂಡಿನ ಮೇಲೆ ದಂಡು ಕಳಿಸುತ್ತಿದ್ದರು. ಮಕ್ಕಳೆಂದರೆ ಅವರಿಗೆ ಪ್ರಾಣ. ಕಷ್ಟ ಏನೆಂದು ಕೇಳುವ ಮೊದಲೇ ಪರಿಹಾರ ಹೇಳಿ ಮುಗಿಸುವಷ್ಟು ಪ್ರೀತಿ.

ಆ ವರ್ಷದ ದಂಡಿನಲ್ಲಿ ಅವರ ಅಚ್ಚುಮೆಚ್ಚಿನವಳು ಎಲೆಕ್ಟ್ರಿಕಲ್ ಓದುತ್ತಿದ್ದ ಒಬ್ಬ ಹುಡುಗಿ. ಮೇಷ್ಟ್ರು ಏನು ಹೇಳಿದರೂ "ಹೂಂ ಸರ್" ಎನ್ನುತ್ತಿದ್ದಳು. ಬೇರೆ ಮಾತೇ ಇಲ್ಲ. ಇಂಥ ಶಿಷ್ಯೆ ಯಾವ ಗುರುವಿಗೆ ಸಿಕ್ಕಾಳು ಎಂದು ಅವರು ಒಳಗೊಳಗೇ ಬೀಗುತ್ತಿದ್ದರು. ಅವಳಿಗೆ ಬೇಕಾಗಿದ್ದದ್ದು ಲಿಫ್ಟ್ ರಿಪೇರಿ ಮಾಡುವ ಒಂದು ಕಂಪನಿಯಲ್ಲಿ ಕೆಲಸ ಕಲಿಯುವವಳ ಜಾಗ. ಅದು ಸಿಗದಿದ್ದರೆ ಸೋದರಮಾವನ ಚಪ್ಪಲಿ ಅಂಗಡಿಯ ಗಲ್ಲಾ ಕಾಯುತ್ತಿತ್ತು. ಮಾವ ಅವಳಿಗೆಂದು ತಿರುಗುವ ಕುರ್ಚಿಯನ್ನೂ ತರಿಸಿಟ್ಟಿದ್ದ.

ಸಂದರ್ಶನದ ಸಂಜೆ ಆ ಕಂಪನಿಯ ಮ್ಯಾನೇಜರಮ್ಮ ಫೋನ್ ಮಾಡಿದರು.

"ಸರ್, ನಿಮ್ಮ ಮಕ್ಕಳು ಬಂದಿದ್ರು. ಎಲ್ರೂ ಒಂದೇ ಉತ್ತರ ಕೊಟ್ರು."

"ತಯಾರಿ ಹಾಗಿರುತ್ತೆ ಮೇಡಂ," ಎಂದರು ಮೇಷ್ಟ್ರು, ಎದೆಯುಬ್ಬಿಸಿ.

"ಒಂದೇ ಅಂದ್ರೆ ಒಂದೇ. ಕೆಮ್ಮೋ ಜಾಗ ಕೂಡ ಒಂದೇ. ಒಬ್ಬ ಹುಡುಗ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ. ಇನ್ನೊಬ್ಬ ಒರೆಸೋಕೆ ಕೈ ಎತ್ತಿದ, ಅವನಿಗೆ ಕನ್ನಡಕಾನೇ ಇಲ್ಲ."

"ಆ ಹುಡುಗಿ?"

"'ವಿಷಯ ಏನಪ್ಪಾ ಅಂದ್ರೆ' ಅಂದ್ಲು. ನನ್ನ ಮುಖ ನೋಡ್ಕೊಂಡು."

ಮೇಷ್ಟ್ರ ಎದೆ ಮೊದಲಿನ ಅಳತೆಗೆ ಇಳಿಯಿತು.

"ಹುಡುಗರಿಗೆ ಬೇರೆ ಕಡೆ ಕೆಲಸ ಸಿಕ್ಕಿದೆಯಂತೆ, ಬಿಡಿ. ಈ ಹುಡುಗಿ ಕೈಕೆಲಸ ಚೆನ್ನಾಗಿದೆ. ಶುಕ್ರವಾರ ಇನ್ನೊಂದ್ಸಲ ಕಳ್ಸಿ. ಆದ್ರೆ ಅವಳೊಬ್ಬಳೇ ಬರ್ಲಿ, ಜೊತೆಗೆ ನೀವು ಬರಬೇಡಿ."

"ನಾನು ಬಂದೇ ಇರ್ಲಿಲ್ವಲ್ಲ ಮೇಡಂ?"

"ಬಂದಿದ್ರಿ ಸರ್. ಎಲ್ರ ಬಾಯಲ್ಲೂ ನೀವೇ ಇದ್ರಿ."

ಮನೆಯಲ್ಲಿ ಇದನ್ನು ಕೇಳಿದ ಹೆಂಡತಿ ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡಳು. "ನೀವು ನನ್ನ ನೋಡೋಕೆ ಬಂದ ದಿನ ಏನು ಮಾಡಿದ್ರಿ? ಮಾತಾಡಿದ್ದೇ ಮಾತಾಡಿದ್ದು. ನನಗೆ ಇಷ್ಟಾನಾ ಅಂತ ಕೇಳೋದೇ ಮರೆತ್ರಿ. ನಾನು ಇವತ್ತಿಗೂ ಹೂಂ ಅಂದಿಲ್ಲ ಕಣ್ರೀ."

"ಈಗ ಕೇಳ್ಲಾ?"

"ಬೇಡ, ಮಕ್ಕಳು ದೊಡ್ಡವರಾದ್ರು." ಅವಳು ಕಪಾಟಿನಿಂದ ಒಂದು ತಗಡಿನ ಡಬ್ಬಿ ತೆಗೆದು ಅವರ ಕೈಗಿಟ್ಟಳು. ಒಳಗೆ ಬಿಳಿ ಪೆಪ್ಪರಮೆಂಟು. "ಆ ಹುಡುಗಿ ಬಂದಾಗ ಒಂದು ಬಾಯಿಗೆ ಹಾಕ್ಕೊಳ್ಳಿ. ಕರಗೋವರೆಗೂ ತುಟಿ ಬಿಚ್ಚಬೇಡಿ."

"ಕಡಿದ್ರೆ?"

"ಇನ್ನೊಂದು ಹಾಕ್ಕೊಳ್ಳಿ."

ಹೀಗೆ ವಿಷಯ ಮೇಷ್ಟ್ರು ಮೌನವ್ರತದ ದೀಕ್ಷೆ ಪಡೆದರು.

ಶುಕ್ರವಾರ ಮತ್ತೆ ಕರೆದಿದ್ದಾರೆಂಬ ಸುದ್ದಿ ತಿಳಿದು ಮರುದಿನ ಹುಡುಗಿ ಬಂದಳು. "ಸೋಮವಾರದಿಂದ ಮಾವನ ಅಂಗಡಿಗೆ ಹೋಗ್ತೀನಿ ಸರ್. ಶುಕ್ರವಾರ ಹೋದ್ರೂ ಅಷ್ಟೇ. ನೀವು ಹೇಳಿಕೊಟ್ಟಿದ್ದೆಲ್ಲ ಹೇಳಿ ಆಯ್ತು. ಇನ್ನೇನಿದೆ ಹೇಳೋಕೆ?"

ಮೇಷ್ಟ್ರಲ್ಲಿ ಅದಕ್ಕೆ ಕನಿಷ್ಠ ಒಂದು ಗಂಟೆಯ ಉತ್ತರ ಸಿದ್ಧವಿತ್ತು. ಅದು ಗಂಟಲಿಗೆ ಬರುವಷ್ಟರಲ್ಲಿ ಪೆಪ್ಪರಮೆಂಟು ಬಾಯಿಗೆ ಹಾಕಿಕೊಂಡರು. ಸೌಜನ್ಯಕ್ಕೆ ಡಬ್ಬಿಯನ್ನು ಅವಳ ಕಡೆಗೂ ತಳ್ಳಿದರು. ಅವಳೂ ಒಂದು ತೆಗೆದುಕೊಂಡಳು. ಫ್ಯಾನು ಕಿರುಗುಟ್ಟಿತು. ಮೇಷ್ಟ್ರು ನೆಟ್ಟಿನ ತೂತುಗಳನ್ನು ನೋಡಿದರು. ಹೊರಗೆ ಯಾರೋ ಬಕೆಟ್ ಎಳೆದುಕೊಂಡು ಹೋದರು. ಅಷ್ಟು ಹೊತ್ತು ಆ ಕೋಣೆ ಸುಮ್ಮನಿದ್ದದ್ದು ಅದೇ ಮೊದಲು.

"ಸರ್, ಹುಷಾರಿಲ್ವಾ?"

ಮೇಷ್ಟ್ರು ಹುಷಾರಾಗಿದ್ದೇನೆ ಎಂಬಂತೆ ತಲೆಯಾಡಿಸಿದರು.

ಮತ್ತೆ ಫ್ಯಾನು. ಕೊನೆಗೆ ಅವಳೇ ಹೇಳಿದಳು: "ಬಯ್ಯಲ್ಲ ಅಂದ್ರೆ ಒಂದು ಹೇಳ್ತೀನಿ. ನನಗೆ ಲಿಫ್ಟ್ ಅಂದ್ರೆ ಭಯ."

ಮೇಷ್ಟ್ರು ಪೆಪ್ಪರಮೆಂಟನ್ನು ಹೆಚ್ಚುಕಡಿಮೆ ನುಂಗಿಯೇಬಿಟ್ಟಿದ್ದರು. 'ಚಿಕ್ಕಂದಿನಿಂದಲೂ ಯಂತ್ರಗಳ ಬಗ್ಗೆ ಅಪಾರ ಆಸಕ್ತಿ' ಎಂದು ಅವಳಿಗೆ ಬಾಯಿಪಾಠ ಮಾಡಿಸಿದವರು ಅವರೇ.

"ಚಿಕ್ಕವಳಿದ್ದಾಗ ಅಜ್ಜಿ ಜೊತೆ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ದೆ. ಕತ್ತಲು. ಅಜ್ಜಿಗೆ ಉಸಿರು ಕಟ್ತಿತ್ತು. ಆಮೇಲೆ ಒಬ್ಬರು ಮೇಲಿಂದ ಬಾಗಿಲು ಸ್ವಲ್ಪ ಬಿಡಿಸಿ, 'ಅಜ್ಜಿ, ನಾನು ಬಂದಿದ್ದೀನಿ, ಅಲ್ಲೇ ಕೂತಿರಿ' ಅಂದ್ರು. ನಾವಿನ್ನೂ ಹೊರಗೆ ಬಂದೇ ಇರ್ಲಿಲ್ಲ, ಅಷ್ಟಕ್ಕೇ ಅಜ್ಜಿ ಉಸಿರು ಸರಿಹೋಯ್ತು. ನನಗೆ ಆ ಕೆಲಸ ಬೇಕು ಸರ್. ಬಾಗಿಲು ಬಿಡಿಸೋದು."

ಇಷ್ಟು ದಿನ ಹೂಂ ಎಂದಿದ್ದ ಬಾಯಿ ಇದೇನಾ ಎಂದು ಮೇಷ್ಟ್ರಿಗೆ ಅನುಮಾನ ಬಂತು.

"ಭಯ ಇದೆ ಅಂತ ಅಲ್ಲಿ ಹೇಳಬಹುದಾ ಸರ್?"

ಕೂಡದು ಎಂಬುದು ಮೇಷ್ಟ್ರ ಶಾಸ್ತ್ರದ ಮೊದಲನೇ ಸೂತ್ರ. ಕೈ ತಾನಾಗಿಯೇ ಕನ್ನಡಕಕ್ಕೆ ಹೋಯಿತು. ಅರ್ಧ ದಾರಿಯಿಂದ ಅದನ್ನು ವಾಪಸು ಕರೆಸಿಕೊಂಡರು. ಬಾಯಲ್ಲಿದ್ದುದನ್ನು ಕೆನ್ನೆಗೆ ಸರಿಸಿ, ವ್ರತಕ್ಕೆ ಆದಷ್ಟು ಕಡಿಮೆ ಭಂಗ ಬರುವಂತೆ ಕೇಳಿದರು: "ನಿನಗೇನು ಅನ್ಸುತ್ತಮ್ಮಾ?"

ಅವಳು ಬಹಳ ಹೊತ್ತು ಯೋಚಿಸಿದಳು. ಮೇಷ್ಟ್ರು ಕಾದರು. ಕಾಯುವುದು ಇಷ್ಟು ಸುಸ್ತಿನ ಕೆಲಸವೆಂದು ಅವರಿಗೆ ಗೊತ್ತಿರಲಿಲ್ಲ.

"ಹೇಳ್ತೀನಿ," ಎಂದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಇನ್ನೊಂದು ತಗೊಳ್ಲಾ ಸರ್?" ಎಂದು ಡಬ್ಬಿ ತೋರಿಸಿದಳು. ಮಗು ಸಿಹಿ ಕೇಳುತ್ತಿದೆ ಎಂದುಕೊಂಡು ಮೇಷ್ಟ್ರು ತಗೋ ಎಂಬಂತೆ ತಲೆಯಾಡಿಸಿದರು.

ಶುಕ್ರವಾರ ಸಂಜೆ ಮ್ಯಾನೇಜರಮ್ಮನ ಫೋನ್ ಬಂತು.

"ಹುಡುಗೀನ ತಗೊಂಡ್ವಿ ಸರ್. ಭಯ ಇಟ್ಕೊಂಡು ಲಿಫ್ಟ್ ಮೇಲೆ ಹೇಗಮ್ಮಾ ನಿಂತ್ಕೋತೀಯ ಅಂತ ಕೇಳಿದೆ. 'ಕರೆಂಟ್ ತೆಗೆದಿದೆ ಅಂತ ಯಾರು ಹೇಳಿದ್ರೂ, ನಾನೇ ನೋಡಿ ಆಮೇಲೆ ಹತ್ತುತ್ತೀನಿ' ಅಂದ್ಲು. ಭಯ ಇಲ್ಲದವರ ಹತ್ರ ಇದನ್ನ ಹೇಳಿಸೋಕೆ ನನಗೆ ಎಷ್ಟೋ ವರ್ಷ ಹಿಡಿಯುತ್ತೆ."

ಮೇಷ್ಟ್ರ ಗಂಟಲಲ್ಲಿ ಭಾಷಣವೊಂದು ಸೊಂಟ ಕಟ್ಟಿ ಎದ್ದು ನಿಂತಿತು.

"ಒಂದೇ ಒಂದು ಅನುಮಾನ ಸರ್. ಒಳಗೆ ಬರುವಾಗಲೇ ಅವಳ ಕೆನ್ನೆ ಒಂದು ಕಡೆ ಉಬ್ಬಿತ್ತು. ಏನು ಕೇಳಿದ್ರೂ ಸ್ವಲ್ಪ ಹೊತ್ತು ಸುಮ್ನಿದ್ದು, ಆಮೇಲೆ ಉತ್ತರ ಕೊಡ್ತಿದ್ಲು. ಹಲ್ಲುನೋವಾ?"

ಮೇಷ್ಟ್ರು ಡಬ್ಬಿಯನ್ನು ನೋಡಿದರು. ಕನ್ನಡಕ ತೆಗೆದರು, ಒರೆಸಿದರು, ಬೆಳಕಿಗೆ ಹಿಡಿದರು. "ವಿಷಯ ಏನಪ್ಪಾ" ಎನ್ನುವವರೆಗೂ ಬಂದರು. ಅಲ್ಲಿಗೆ ನಿಲ್ಲಿಸಿ, ಪೆಪ್ಪರಮೆಂಟೊಂದನ್ನು ಬಾಯಿಗೆ ಹಾಕಿಕೊಂಡು, "ಹೂಂ ಮೇಡಂ" ಎಂದರು.