ಎರಡು ಸೆಂಟಿಮೀಟರ್ ಅನುಮಾನ

ಅವನ ಕಾಲ್ಬೆರಳಿನ ಉಗುರುಗಳೆಲ್ಲ ಕಪ್ಪುಗಟ್ಟಿದ್ದವು. ಮುಖ ಮಾತ್ರ ಮದುಮಗನ ಹಾಗೆ. ಕುವೈತಿನ ಜಹ್ರಾ ಊರಿನ ನಮ್ಮ ಫಿಸಿಯೋಥೆರಪಿ ಕ್ಲಿನಿಕ್‌ಗೆ ಸೊಂಟನೋವೆಂದು ಬರುತ್ತಿದ್ದ ಆ ಮೊರಾಕೊದ ಫುಟ್‌ಬಾಲ್ ಆಟಗಾರನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ತನ್ನ ದೇಶದಲ್ಲಿ, ಆಮೇಲೆ ಫ್ರಾನ್ಸಿನಲ್ಲಿ ಆಡಿ, ಮೂವತ್ತು ದಾಟಿದ ಮೇಲೆ ಇಲ್ಲಿನ ಕ್ಲಬ್ಬೊಂದಕ್ಕೆ ಬಂದಿದ್ದ.

ಅವನು ಬಂದನೆಂದರೆ ನಮ್ಮಲ್ಲಿ ಕೆಲಸ ಕೆಡುತ್ತಿತ್ತು. ಬಂಗಾಳಿ ಕ್ಲೀನರ್‌ನಿಂದ ಹಿಡಿದು ಕುವೈತಿ ಹಿರಿಯರವರೆಗೆ ಎಲ್ಲರೂ ಸುತ್ತುಗಟ್ಟುವರು. ಅವನೋ ಒಬ್ಬೊಬ್ಬರ ಮಕ್ಕಳನ್ನೂ ಹೆಸರು ಹಿಡಿದು ವಿಚಾರಿಸಿ, ಬಲಗೈಯಲ್ಲಿ ನಿಧಾನವಾಗಿ ಸಹಿ ಹಾಕಿಕೊಡುವನು. ನನಗೆ ಇದು ಸರಿಬರುತ್ತಿರಲಿಲ್ಲ. ಮೈಸೂರಿನಲ್ಲಿ ಹಾಲಿನವನ ಎದುರಿಗೇ, ನೀರು ಬೆರೆಸಿದ್ದಾನೋ ಎಂದು ಹಾಲಿಗೆ ಲ್ಯಾಕ್ಟೋಮೀಟರ್ ಅದ್ದುತ್ತಿದ್ದ ತಂದೆಯ ಮಗ ನಾನು. ಇಷ್ಟೊಂದು ಒಳ್ಳೆಯತನ ಯಾರಿಗೂ ಸುಮ್ಮನೆ ಬರುವುದಿಲ್ಲ ಎಂದೇ ನನ್ನ ಎಣಿಕೆ. ಪ್ರತಿ ಪಂದ್ಯಕ್ಕೂ ನನಗೊಂದು ಟಿಕೆಟ್ ತರುತ್ತಿದ್ದ. ನನ್ನನ್ನು ಬುಟ್ಟಿಗೆ ಹಾಕಿಕೊಳ್ಳಲು ನೋಡುತ್ತಿದ್ದಾನೆ ಎಂದುಕೊಂಡು ಅವನ್ನೆಲ್ಲ ರಿಸೆಪ್ಷನ್‌ನಲ್ಲಿದ್ದ ಮಂಗಳೂರಿನ ಹುಡುಗಿಗೆ ಕೊಟ್ಟುಬಿಡುತ್ತಿದ್ದೆ.

ಸೀಸನ್ ಮುಗಿಯುವಾಗ ಕ್ಲಬ್ಬಿನ ಮ್ಯಾನೇಜರ್ ನನ್ನಿಂದ ಅವನ ದೇಹಸ್ಥಿತಿಯ ವರದಿ ಕೇಳಿದ. ಇನ್ನೊಂದು ವರ್ಷದ ಕರಾರು ಅದರ ಮೇಲೆ ನಿಂತಿತ್ತು. ಈ ವಯಸ್ಸಿಗೆ ಅದೇ ಕೊನೆಯದೆಂದೂ, ಅದರ ಹಣದಲ್ಲಿ ತಾಯಿಗೆ ಮನೆ ಕಟ್ಟಿ ಮುಗಿಸಬೇಕೆಂದೂ ಅವನೇ ಹೇಳಿದ್ದ. ಟೇಪ್ ಹಿಡಿದು ತೊಡೆಗಳ ಸುತ್ತಳತೆ ತೆಗೆದೆ. ಬಲತೊಡೆ ಎಡದ್ದಕ್ಕಿಂತ ಎರಡು ಸೆಂಟಿಮೀಟರ್ ಸಣ್ಣ. ಮಂಡಿಗೆ ಏಟು ಬಿದ್ದ ಕಾಲಿನ ತೊಡೆ ಸೊರಗುತ್ತದೆ. ನಮ್ಮ ಕಸುಬಿನ ಮೊದಲ ಪಾಠವದು. ಬಲಗೈಯವನಿಗೆ ಬಲಗಾಲೇ ದಪ್ಪಗಿರಬೇಕು; ಅದೇ ಸೊರಗಿದೆ ಎಂದರೆ ಆಸಾಮಿ ಸಿಕ್ಕಿಬಿದ್ದ ಅನ್ನಿಸಿತು. ಮಂಡಿನೋವಿದೆಯೇ ಎಂದು ಮೂರು ಸಲ ಕೇಳಿದೆ. ಮೂರು ಸಲವೂ ನಕ್ಕು ಇಲ್ಲವೆಂದ. ಆ ನಗು ನನ್ನ ಅನುಮಾನವನ್ನು ಗಟ್ಟಿ ಮಾಡಿತು. ಬಲಮಂಡಿಯಲ್ಲಿ ಹಳೆಯ ಗಾಯ ಮುಚ್ಚಿಟ್ಟಿರಬಹುದು ಎಂದು ಬರೆದು ಕಳಿಸಿದೆ.

ವಾರದೊಳಗೆ ಕ್ಲಬ್ ಅವನನ್ನು ಕೈಬಿಟ್ಟಿತು. ರಿಸೆಪ್ಷನ್ ಹುಡುಗಿ ಸುದ್ದಿ ತಂದಾಗ, ಟೇಪಿನ ವಿಷಯವನ್ನು ಜಂಬದಿಂದಲೇ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಅವ್ರು ಎಡಗಾಲಲ್ಲಿ ಹೊಡೆಯುದಲ್ವಾ ಸರ್? ಇಲ್ಲಿಯ ಚಿಕ್ಕ ಮಕ್ಕಳಿಗೂ ಗೊತ್ತುಂಟು."

ಇಪ್ಪತ್ತು ವರ್ಷ ಎಡಗಾಲಲ್ಲೇ ಚೆಂಡು ಒದ್ದವನ ಎಡತೊಡೆ ದಪ್ಪಗಿರದೆ ಇನ್ನೇನು? ಕೈ ನೋಡಿ ಕಾಲನ್ನು ತೀರ್ಮಾನಿಸಿಬಿಟ್ಟಿದ್ದೆ. ಒಂದೇ ಒಂದು ಪಂದ್ಯಕ್ಕೆ ಹೋಗಿದ್ದರೂ ತಿಳಿಯುತ್ತಿತ್ತು. ಕೂಡಲೇ ಮ್ಯಾನೇಜರ್‌ಗೆ ಫೋನ್ ಮಾಡಿದೆ. ಆ ಜಾಗಕ್ಕೆ ಬೇರೊಬ್ಬನ ಜೊತೆ ಕರಾರಿಗೆ ಸಹಿಯಾಗಿದೆ, ಖಲಾಸ್, ಮುಗಿಯಿತು ಎಂದ.

ಇಲ್ಲಿರಲು ಬೇಕಾದ ಪರವಾನಗಿ, ಇಕಾಮಾ, ರದ್ದು ಮಾಡಿಸಿಕೊಂಡು, ಹೊರಡುವ ಹಿಂದಿನ ದಿನ ಅವನು ಎಲ್ಲರನ್ನೂ ಮಾತಾಡಿಸಲು ಬಂದ. ಬಾಗಿಲು ಹಾಕಿ, ಆ ವರದಿ ಬರೆದವನು ನಾನೇ ಎಂದು ಒಪ್ಪಿಕೊಂಡೆ. ಅವನಿಗೆ ಮೊದಲೇ ಗೊತ್ತಿತ್ತು. ಮ್ಯಾನೇಜರ್ ವರದಿ ತೋರಿಸಿದ್ದನಂತೆ. ನನ್ನನ್ನು ಕ್ಲಬ್ಬಿನವರ ಮುಂದೆ ಕರೆಸಿ ಯಾಕೆ ಕೇಳಲಿಲ್ಲ ಎಂದೆ. ಅವನು ತನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದ:

"ತಪ್ಪು ನಿನ್ನದೆಂದು ನಿನ್ನ ಮಾಲೀಕರಿಗೆ ಗೊತ್ತಾಗಿದ್ದರೆ ನಿನ್ನ ಕೆಲಸ ಹೋಗುತ್ತಿತ್ತು, ಬ್ರದರ್. ನಿನಗೆ ಇಬ್ಬರು ಮಕ್ಕಳು."

ಆಗಲೂ ಒಂದು ಕ್ಷಣ, ಇದರಲ್ಲಿ ಇವನಿಗೇನು ಲಾಭ ಎಂದು ನನ್ನ ಮನಸ್ಸು ಹುಡುಕಿತು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಮುಂದೆ ಹನ್ನೆರಡು ವರ್ಷ ಅದೇ ಕ್ಲಿನಿಕ್ಕಿನ ಸಂಬಳದಲ್ಲಿ ನನ್ನ ಮಕ್ಕಳಿಬ್ಬರೂ ಓದಿದರು. ಅವನ ತಾಯಿಯ ಮನೆ ಮುಗಿಯಿತೋ ಇಲ್ಲವೋ, ನನಗೆ ತಿಳಿಯದು.