ಹೆಣಿಗೆ ಕಡ್ಡಿ ನಿಂತಾಗ

ಕೆಲಸದ ಕುರ್ಚಿಯಲ್ಲಿ ಕೂತೊಡನೆ ನನ್ನ ಅತ್ತಿಗೆ ಚೀಲದಿಂದ ಉಣ್ಣೆಯ ಉಂಡೆ, ಎರಡು ಉಕ್ಕಿನ ಕಡ್ಡಿ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ.

ಅವರದು ಆಂಬುಲೆನ್ಸ್ ಕೇಂದ್ರದ ಕೆಲಸ. ಒಂದು ಕಿವಿಗೆ ಹೆಡ್‌ಫೋನ್, ಎದುರಿಗೆ ಪರದೆ, ಪಕ್ಕದಲ್ಲಿ ಅವರನ್ನು ಅಕ್ಕ ಎನ್ನುವ ಕಿರಿಯ ಸಹೋದ್ಯೋಗಿ. ಕರೆ ಬಂದರೆ ವಿಳಾಸ ಕೇಳಿ, ಗಾಡಿ ಕಳಿಸಿ, ಅದು ತಲುಪುವವರೆಗೂ ಗಾಬರಿಯಾದವರಿಗೆ ಧೈರ್ಯ ಹೇಳಬೇಕು. ಈ ನಡುವೆಯೇ ಸ್ವೆಟರ್ ಬೆಳೆಯುತ್ತದೆ. ಬೆಕ್ಕನ್ನು ಬಿಟ್ಟು ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೊಂದಿದೆ.

ಕಳೆದ ವರ್ಷ ಕೇಂದ್ರಕ್ಕೆ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಬಂದರು. ಯಾವ ಕೆಲಸದಿಂದ ಮನಸ್ಸಿನ ಮೇಲೆ ಎಷ್ಟು ಹೊರೆ ಬೀಳುತ್ತದೆಂದು ಲೆಕ್ಕ ಹಾಕುವುದು ಅವರ ವಿದ್ಯೆ. ಅತ್ತಿಗೆ ಅವರಿಗೆ ‘ತಲೆಭಾರದ ಮೇಷ್ಟ್ರು’ ಎಂದು ಹೆಸರಿಟ್ಟರು. ಮೂರು ದಿನ ಅತ್ತಿಗೆಯ ಬೆನ್ನ ಹಿಂದೆ ಕೂತು ನೋಡಿ ಮೇಷ್ಟ್ರು ಲೆಕ್ಕದ ಒಂದು ಮಾದರಿ ಕಟ್ಟಿದರು. ಹೆಣೆಯಲು ಬಿಡುವಿದೆ ಎಂದರೆ ಹೊರೆ ಕಡಿಮೆ, ಒಬ್ಬರೇ ಸಾಕು, ಕಿರಿಯವಳ ಕುರ್ಚಿ ತೆಗೆಯಬಹುದು ಎಂದಿತು ಅದು.

ಅಂದು ಕಿರಿಯವಳು ಊಟದ ಡಬ್ಬಿ ತೆರೆಯಲಿಲ್ಲ. “ಅಕ್ಕಾ, ನಿಮ್ಮ ಸ್ವೆಟರ್ ನನ್ನ ಕೆಲಸಕ್ಕೇ ಕುತ್ತು ತಂತಲ್ಲ!”

“ಸುಮ್ನೆ ಊಟ ಮಾಡು. ಮೇಷ್ಟ್ರ ಹತ್ರ ನಾನು ಮಾತಾಡ್ತೀನಿ.”

ಮರುದಿನ ಅತ್ತಿಗೆ ಕೇಳಿದರು: “ಸರ್, ನಾನು ಹೆಣೆಯೋದನ್ನ ಬರ್ಕೊಂಡ್ರಿ. ನಿಲ್ಲಿಸೋದನ್ನ?”

“ಬರ್ದಿದೀನಲ್ಲ, ಕೈ ನೋವು ಅಂತ.”

“ಅಯ್ಯೋ ರಾಮ! ಇವತ್ತು ಕಡ್ಡಿ ನಿಂತಾಗ ಇವಳ ಕಡೆ ನೋಡಿ.”

ಹನ್ನೊಂದರ ಹೊತ್ತಿಗೆ ಕರೆಗಳು ಮುತ್ತಿಕೊಂಡವು. ಮೂರನೆಯ ಗಾಡಿ ಕಳಿಸುವಾಗ ಕಡ್ಡಿಗಳ ಟಿಕ್ ಟಿಕ್ ನಿಂತಿತು. ಕಿರಿಯವಳು ತಲೆಯೆತ್ತದೆಯೇ ಅತ್ತಿಗೆಗೆ ಬರಬೇಕಿದ್ದ ಮುಂದಿನ ಕರೆಯನ್ನು ತಾನೇ ಎತ್ತಿಕೊಂಡಳು. ಮಾತಿಲ್ಲ, ಸನ್ನೆಯಿಲ್ಲ. ಟಿಕ್ ಟಿಕ್ ಮತ್ತೆ ಕೇಳಿಸಿದಾಗ ಕರೆಗಳನ್ನು ಅತ್ತಿಗೆಗೇ ಬಿಟ್ಟಳು.

ಮೇಷ್ಟ್ರು ಲ್ಯಾಪ್‌ಟಾಪ್ ಮುಚ್ಚಿದರು. “ನಾನು ಒಂದೇ ತಲೆ ಅಳೆದೆ ಅಮ್ಮಾ. ಇಲ್ಲಿ ಹೊರೆ ಹೊರ್ತಿರೋದು ಎರಡು ತಲೆ.”

“ಇನ್ನೂ ನಾಲ್ಕು ದಿನ ಕೂತು ಅಳೀರಿ. ಅಷ್ಟರಲ್ಲಿ ನಿಮಗೂ ಒಂದು ಮಫ್ಲರ್ ಆಗುತ್ತೆ.”

ವಾರದೊಳಗೆ ಮಾದರಿ ಬದಲಾಯಿತು, ಕುರ್ಚಿ ಉಳಿಯಿತು. ಸುದ್ದಿ ಕೇಳಿದ ಸಂಜೆಯ ಪ್ರಾರ್ಥನೆಯಲ್ಲಿ ನಾನು ಮೇಷ್ಟ್ರನ್ನೂ ನೆನೆದೆ. ತಾವು ಬರೆದದ್ದನ್ನು ತಾವೇ ಅಳಿಸುವವರು ಎಷ್ಟು ಜನ ಸಿಗುತ್ತಾರೆ?

ಮೇಲಧಿಕಾರಿಗೂ ಅತ್ತಿಗೆಯ ಮೇಲೆ ಅಭಿಮಾನ ಉಕ್ಕಿತು. “ನಿಮಗೊಂದು ಬೇರೆ ಕೋಣೆ ಕೊಡ್ತೀನಮ್ಮ. ಬಾಗಿಲು ಹಾಕ್ಕೊಂಡ್ರೆ ಯಾವ ಗಲಾಟೆನೂ ಇರಲ್ಲ.”

ಅತ್ತಿಗೆ ಉಣ್ಣೆ ಸುತ್ತುತ್ತಾ ನಕ್ಕರು.

“ಬೇಡ ಸರ್. ಬಾಗಿಲು ಹಾಕ್ಕೊಂಡ್ರೆ ಕಡ್ಡಿ ನಿಂತಿದ್ದು ಇವಳಿಗೆ ಹೇಗೆ ಗೊತ್ತಾಗುತ್ತೆ?”