ರೋಗಿಯ ಕುರ್ಚಿ

ನಮ್ಮಕ್ಕ ಟೈಲರ್. ಬೀದಿಯ ಅರ್ಧ ಜನ ತೊಡುವುದು ಅವಳು ಹೊಲಿದ ಬಟ್ಟೆಯನ್ನೇ. ಹೊಟ್ಟೆ ಬೆಳೆಸಿಕೊಂಡು ಬಂದ ಗಿರಾಕಿಗೆ "ತಪ್ಪು ನಿಮ್ದಲ್ಲ, ಟೇಪಿಂದು ಬಿಡಿ" ಎಂದು ನಗಿಸುತ್ತಿದ್ದವಳು ಬರಬರುತ್ತ ಮಾತು ಬಿಟ್ಟಳು, ನಿದ್ದೆ ಬಿಟ್ಟಳು. ತಲೆನೋವೆಂದು ಪಕ್ಕದ ಬೀದಿಯ ಕ್ಲಿನಿಕ್ಕಿಗೆ ಅಲೆದಳು.

ಅಲ್ಲಿಯ ಡಾಕ್ಟರು ರೋಗಿಯ ಕುರ್ಚಿಯನ್ನೇ ತೆಗೆಸಿಬಿಟ್ಟಿದ್ದರು. ಕೂತರೆ ಜನ ಪುರಾಣ ಶುರುಮಾಡುತ್ತಾರಂತೆ, ಸಾಲು ಮುಂದಕ್ಕೆ ಹೋಗುವುದಿಲ್ಲವಂತೆ! ಬೆನ್ನ ಹಿಂದೆ ನಾಲ್ಕಾರು ಜನ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿರುವಾಗ, ಬದುಕೇ ಬೇಡ ಅನ್ನಿಸುತ್ತಿದೆ ಎಂದು ಯಾರು ಹೇಳಿಯಾರು? ಅಕ್ಕ ಪ್ರತಿಸಲವೂ "ತಲೆನೋವು" ಅಂದಳು. ಅವರು ಪ್ರತಿಸಲವೂ ಅದಕ್ಕೇ ಮಾತ್ರೆ ಬರೆದರು.

ಒಂದು ದಿನ ಮಿಷಿನ್ನಿನ ಸೂಜಿ ಅವಳ ಬೆರಳಿಗೆ ನಾಟಿತು. ಪಟ್ಟಿ ಕಟ್ಟಲು ನರ್ಸಮ್ಮ ಅವಳನ್ನು ಒಳಗಿನ ಮಂಚದ ಮೇಲೆ ಕೂರಿಸಿದರು. "ಕಣ್ಣು ಯಾಕೆ ಹೀಗೆ ಕೆಂಪಾಗಿದೆ? ರಾತ್ರಿ ನಿದ್ದೆ ಬರುತ್ತೇನಮ್ಮಾ?" ಅಂದರು, ಅಷ್ಟೇ. ಅಕ್ಕ ಬಿಕ್ಕಿಬಿಕ್ಕಿ ಅತ್ತು ಎಲ್ಲ ಹೇಳಿದಳು. ನರ್ಸಮ್ಮ ತಿಳಿಸಿದ ಮೇಲೆ ಅದೇ ಡಾಕ್ಟರು ಖಿನ್ನತೆಗೆ ಔಷಧಿ ಕೊಟ್ಟರು. ಅದು ಇಷ್ಟು ದಿನವೂ ಅವರ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು!

ಅಕ್ಕ ಚೇತರಿಸಿಕೊಳ್ಳುತ್ತಿದ್ದಾಳೆ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ನಿನ್ನೆ ಅಕ್ಕನ ಅಂಗಡಿಯ ಸ್ಟೂಲು ಹೊತ್ತುಕೊಂಡು ಹೋಗಿ ಡಾಕ್ಟರ ಮೇಜಿನೆದುರು ಕುಕ್ಕಿದೆ.

"ಏನ್ರೀ ಇದು?"

"ಕೂರೋಕೆ, ಸಾರ್."

"ಸರಿ, ಥ್ಯಾಂಕ್ಸ್" ಎಂದು ಅದರ ಮೇಲೆ ತಮ್ಮ ಬ್ಯಾಗ್ ಇಟ್ಟರು.

ನಾನು ಬ್ಯಾಗನ್ನು ನೆಲಕ್ಕಿಳಿಸಿ, ಸಾಲಿನ ಮೊದಲಲ್ಲಿದ್ದ ಮುದುಕರ ತೋಳು ಹಿಡಿದೆ. "ಕೂತ್ಕೊಳ್ಳಿ ತಾತ. ನಿಧಾನವಾಗಿ ಹೇಳಿ."